ಕೊಟ್ಟ ವಿಳಾಸವನ್ನು ಕಾಯುವವರು ಯಾರು?

ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಹೆಸರು ಬಂದಾಗಲೆಲ್ಲ ಪ್ರಣವೇಶ್ವರ ಗುಡಿಯ ಮುಂದಿನ ಕಲ್ಲುಕಂಬದ ಮಾತು ಬರುತ್ತದೆ. ಮಯೂರಶರ್ಮ ತನ್ನ ಗುರು ವೀರಶರ್ಮನ ಜೊತೆ ಕಂಚಿಯ ಘಟಿಕೆಗೆ ಓದಲು ಹೋದದ್ದು, ಅಲ್ಲಿ ಪಲ್ಲವರ ಕುದುರೆ ಸವಾರನೊಂದಿಗೆ ಜಗಳವಾದದ್ದು, ಆ ಜಗಳದಿಂದ ಕದಂಬ ರಾಜವಂಶವೇ ಹುಟ್ಟಿದ್ದು ಎಲ್ಲವೂ ಅದರ ಮೇಲೆ ಕೊರೆದ ಕಾವ್ಯದಲ್ಲಿದೆ. ಆ ಕಾವ್ಯವನ್ನು ರಚಿಸಿದ ಕುಬ್ಜನೆಂಬ ಕವಿ, ಅದನ್ನು ಕಲ್ಲಿನ ಮೇಲೆ ಬರೆದವನೂ ತಾನೇ ಎಂದು ಹೇಳಿಕೊಂಡಿದ್ದಾನೆ. ಅದೇ ಊರಿನಲ್ಲಿ 2013ರ ಉತ್ಖನನದಲ್ಲಿ ಸಿಕ್ಕ ಸಿಂಹಕಟಾಂಜನ ಶಾಸನವನ್ನು ಪುರಾತತ್ವ ಇಲಾಖೆಯ ತಜ್ಞರು ಕ್ರಿ.ಶ. 370ರ ಸುಮಾರಿನದೆಂದು ಗುರುತಿಸಿ, ಕನ್ನಡ ಬರಹದ ಇತಿಹಾಸವನ್ನು ಹಲ್ಮಿಡಿ ಶಾಸನಕ್ಕಿಂತಲೂ ಹಿಂದಕ್ಕೆ ಒಯ್ದರು. ಇಂಥ ಊರನ್ನು ನೆನೆದು, ಹದಿನಾರು ಶತಮಾನದ ಅಕ್ಷರ ಉಳಿಯಿತು, ಕಾಲು ಶತಮಾನದ ಹಿಂದಿನ ಇಮೇಲ್ ಅಳಿಯಿತು ಎಂದು ನಿಟ್ಟುಸಿರು ಬಿಡುವುದು ಸುಲಭ. ಆದರೆ ಆ ಹೋಲಿಕೆ ನ್ಯಾಯವಾದದ್ದಲ್ಲ. ಕದಂಬರ ಕಾಲದಲ್ಲೂ ದಿನನಿತ್ಯದ ಓಲೆಗಳು ತಾಳೆಗರಿಯ ಮೇಲೆ ಹುಟ್ಟಿ ಗೆದ್ದಲಿಗೆ ಆಹಾರವಾದವು. ಯಾರೂ ಅವನ್ನು ಕಲ್ಲಿನಲ್ಲಿ ಕೊರೆಸಲಿಲ್ಲ. ಶಾಸನಗಳಿಂದ ಕಲಿಯಬೇಕಾದ ಪಾಠ ಕಲ್ಲಿನ ಗಟ್ಟಿತನದಲ್ಲಿ ಇಲ್ಲ. ಅದು ಅವುಗಳ ಕೊನೆಯ ಸಾಲುಗಳಲ್ಲಿದೆ.

ನಮ್ಮ ನಾಡಿನ ನೂರಾರು ದಾನಶಾಸನಗಳು ಮುಗಿಯುವುದು ಒಂದು ಎಚ್ಚರಿಕೆಯಿಂದ. ದತ್ತಿ ತಾನು ಕೊಟ್ಟದ್ದಿರಲಿ ಬೇರೆಯವರು ಕೊಟ್ಟದ್ದಿರಲಿ, ಅದನ್ನು ಕಿತ್ತುಕೊಂಡವನು ಕೆಡುತ್ತಾನೆ ಎಂಬ ಶಾಪ ಒಂದು ಕಡೆ. ಕೊಡುವುದಕ್ಕಿಂತ ಕೊಟ್ಟದ್ದನ್ನು ಪಾಲಿಸುವುದೇ ಹೆಚ್ಚಿನ ಪುಣ್ಯ ಎಂಬ ಹಿತನುಡಿ ಇನ್ನೊಂದು ಕಡೆ. ಇದನ್ನು ಬರೆಸಿದವರಿಗೆ ಲೋಕವ್ಯವಹಾರ ಚೆನ್ನಾಗಿ ಗೊತ್ತಿತ್ತು. ಇಂದಿನ ಅರಸು ನಾಳೆ ಇರುವುದಿಲ್ಲ, ಕದಂಬರ ನೆಲಕ್ಕೆ ಚಾಲುಕ್ಯರು ಬರುತ್ತಾರೆ, ಅವರಾದ ಮೇಲೆ ಇನ್ನೊಬ್ಬರು. ದಾನ ಪಡೆದವನು ಪ್ರತಿ ಪಟ್ಟಾಭಿಷೇಕದ ಮರುದಿನವೂ ಹೊಸದಾಗಿ ಅಂಗಲಾಚಬೇಕಾದರೆ ದಾನಕ್ಕೆ ಅರ್ಥವಿಲ್ಲ. ಅದಕ್ಕಾಗಿಯೇ ತಾಮ್ರಪಟವನ್ನು ದಾನ ಪಡೆದವನ ಕೈಗೇ ಕೊಡುತ್ತಿದ್ದರು, ಮುಂದೆ ಬರುವ ಅರಸರನ್ನೂ ಮಾತಿಗೆ ಕಟ್ಟಿಹಾಕುತ್ತಿದ್ದರು. ಅಂತರ್ಜಾಲ ಈ ದೇಶಕ್ಕೆ ಬಂದಾಗ ಮರೆತದ್ದು ಈ ವಿವೇಕವನ್ನು. ಸಂಪರ್ಕ ಕೊಡುವ ಸಂಸ್ಥೆಗಳು ಗ್ರಾಹಕರಿಗೆ ಇಮೇಲ್ ವಿಳಾಸಗಳನ್ನು ಧಾರಾಳವಾಗಿ ಕೊಟ್ಟವು. ಕಾಯುವ ಹೊಣೆಯನ್ನು ಯಾರೂ ಹೊರಲಿಲ್ಲ, ಹೊರಿಸಲೂ ಇಲ್ಲ. ಸಂಸ್ಥೆ ಕೈ ಬದಲಾದರೂ, ಗ್ರಾಹಕ ಸಂಪರ್ಕವನ್ನು ಬಿಟ್ಟರೂ, ಒಮ್ಮೆ ಕೊಟ್ಟ ವಿಳಾಸಕ್ಕೆ ಬರುವ ಪತ್ರ ನಿಗದಿತ ಅವಧಿಯವರೆಗಾದರೂ ಅದರ ಒಡೆಯನಿಗೆ ತಲುಪಬೇಕು, ಮತ್ತು ಇದನ್ನು ಸಂಸ್ಥೆಯ ಔದಾರ್ಯಕ್ಕೆ ಬಿಡದೆ ಕಾನೂನೇ ಹೇಳಬೇಕು ಎಂಬುದು ಈ ಲೇಖನದ ವಾದ.

ಮೊದಲು ನಡೆದದ್ದೇನೆಂದು ನೋಡೋಣ. 1995ರ ಆಗಸ್ಟ್ 15ರಂದು ವಿದೇಶ ಸಂಚಾರ ನಿಗಮ, ಅಂದರೆ ವಿಎಸ್‌ಎನ್‌ಎಲ್, ಜನಸಾಮಾನ್ಯರಿಗೆ ಅಂತರ್ಜಾಲವನ್ನು ತೆರೆಯಿತು. ದೊಡ್ಡ ನಗರಗಳಲ್ಲಿ ಶುರುವಾದ ಸೇವೆ ಬೆಂಗಳೂರಿಗೂ ಬಂತು. ದೂರವಾಣಿ ತಂತಿಗೆ ಮೋಡೆಮ್ ಜೋಡಿಸಿ ಡಯಲ್ ಮಾಡಬೇಕಿತ್ತು. ಅಗ್ಗದ ಶೆಲ್ ಖಾತೆಯಲ್ಲಿ ಚಿತ್ರವಿಲ್ಲ, ಬರೀ ಅಕ್ಷರ. ಪೈನ್ ಎಂಬ ತಂತ್ರಾಂಶದಲ್ಲಿ ಪತ್ರ ಓದುವುದು, ಬರೆಯುವುದು. ಶಿಕಾರಿಪುರದಿಂದಾಗಲಿ ಸೊರಬದಿಂದಾಗಲಿ ಬೆಂಗಳೂರಿನ ಕೇಂದ್ರಕ್ಕೆ ಡಯಲ್ ಮಾಡಿದರೆ ಎಸ್‌ಟಿಡಿ ದರ ತೆರಬೇಕಾದ ಕಾಲವದು, ಹಾಗಾಗಿ ಈ ಸೌಕರ್ಯ ಬಹುಮಟ್ಟಿಗೆ ನಗರದವರದಾಗಿಯೇ ಉಳಿಯಿತು. ಅಂದು ಬೆಂಗಳೂರಿನ ಗ್ರಾಹಕನಿಗೆ ಸಿಕ್ಕ ವಿಳಾಸವನ್ನು ಕನ್ನಡದಲ್ಲಿ ಬರೆದರೆ ಹೀಗಾಗುತ್ತದೆ: ಮೊದಲು ಅವನ ಹೆಸರು, ಆಮೇಲೆ ಅಟ್ ಚಿಹ್ನೆ, ಆಮೇಲೆ ಜಿಐಎಎಸ್‌ಬಿಜಿ01 ಡಾಟ್ ವಿಎಸ್‌ಎನ್‌ಎಲ್ ಡಾಟ್ ನೆಟ್ ಡಾಟ್ ಇನ್. ಈ ಬಾಲವನ್ನು ಬಿಡಿಸಿದರೆ ಸೇವೆಯ ಹೆಸರು, ನಗರದ ಸಂಕೇತ, ಯಂತ್ರದ ಕ್ರಮಸಂಖ್ಯೆ, ಸಂಸ್ಥೆಯ ಹೆಸರು ಒಂದೊಂದಾಗಿ ಹೊರಬರುತ್ತವೆ. ಪತ್ರ ಬರೆಯುವವರಿಗೆ ಬೇಕಾದದ್ದು ಇವುಗಳಲ್ಲಿ ಯಾವುದೂ ಅಲ್ಲ. ಅಟ್ ಚಿಹ್ನೆಯ ಎಡಕ್ಕಿರುವ ನಾಲ್ಕು ಅಕ್ಷರ ಮಾತ್ರ ಮನುಷ್ಯನದು; ಬಲಗಡೆಯ ಉದ್ದನೆಯ ಸಾಲೆಲ್ಲ ತಂತಿ ಎಳೆದವರದು. ಮುಂದಿನ ಎಲ್ಲ ತೊಡಕಿನ ಬೀಜ ಇಲ್ಲೇ ಇತ್ತು.

ಇದೇ ಕೆಲಸವನ್ನು ಅಂಚೆ ಹೇಗೆ ಮಾಡಿತು ಎಂಬುದನ್ನು ಪಕ್ಕದಲ್ಲಿಟ್ಟು ನೋಡಬೇಕು. ಅಂಚೆ ವಿಳಾಸದಲ್ಲಿ ಊರು, ತಾಲ್ಲೂಕು, ಜಿಲ್ಲೆ ಇರುತ್ತವೆ. ಚೀಲ ಹೊತ್ತು ತರುವವನ ಹೆಸರು ಇರುವುದಿಲ್ಲ. ಮೈಸೂರು ಸಂಸ್ಥಾನಕ್ಕೆ ಒಡೆಯರ ಕಾಲದಿಂದ ತನ್ನದೇ ಆದ ಅಂಚೆ ವ್ಯವಸ್ಥೆ ಇತ್ತು. 1889ರಲ್ಲಿ ಅದು ಬ್ರಿಟಿಷ್ ಭಾರತದ ಅಂಚೆಯಲ್ಲಿ ವಿಲೀನವಾಯಿತು. ಇಡೀ ಇಲಾಖೆಯೇ ಕೈ ಬದಲಾದರೂ ಮಲೆನಾಡಿನ ಯಾವ ರೈತನೂ ತನ್ನ ನೆಂಟರಿಗೆ ಹೊಸ ವಿಳಾಸ ಬರೆದು ತಿಳಿಸಬೇಕಾಗಲಿಲ್ಲ, ಏಕೆಂದರೆ ಅವನ ವಿಳಾಸದಲ್ಲಿ ಅಂಚೆ ನಡೆಸುವವರ ಹೆಸರೇ ಇರಲಿಲ್ಲ. 2014ರ ನವೆಂಬರ್ 1ರಂದು ಶಿಮೊಗ್ಗ ಅಧಿಕೃತವಾಗಿ ಶಿವಮೊಗ್ಗವಾಯಿತು. ಹಳೆಯ ಹೆಸರಿನ ಲಕೋಟೆಗೂ ಊರು ಸಿಗುತ್ತದೆ. ತಾಳಗುಂದವೇ ಶಾಸನಗಳಲ್ಲಿ ಸ್ಥಾನಕುಂದೂರು. ಹೆಸರು ಬದಲಾದರೂ ಊರು ಜಾಗ ಬಿಡುವುದಿಲ್ಲ, ಬದಲಾದ ಹೆಸರಿನ ಜಾಡು ಹಿಡಿದು ಹೋಗುವ ಅಂಚೆಯವನೂ ಇರುತ್ತಾನೆ. ಮನೆ ಬದಲಿಸಿದವರು ಅಂಚೆ ಕಚೇರಿಗೆ ಚೀಟಿ ಬರೆದುಕೊಟ್ಟರೆ ಪತ್ರ ಹೊಸ ಮನೆಗೆ ತಿರುಗುವುದೂ ಉಂಟು. ಇಮೇಲ್ ಬಂದಾಗ ವೇಗ ಸಾವಿರ ಪಟ್ಟು ಹೆಚ್ಚಿತು, ಈ ತಿರುಗಿಸುವ ಸೌಜನ್ಯ ಮಾತ್ರ ಹಿಂದೆಯೇ ಉಳಿಯಿತು.

1995ರ ನಂತರದ ಹನ್ನೆರಡು-ಹದಿಮೂರು ವರ್ಷಗಳಲ್ಲಿ ಕೈ ಬದಲಾವಣೆಗಳ ಸರಮಾಲೆಯೇ ನಡೆಯಿತು. 1998ರ ಕೊನೆಗೆ ಖಾಸಗಿಯವರಿಗೂ ಬಾಗಿಲು ತೆರೆದು ಸತ್ಯಂ ಆನ್‌ಲೈನ್, ಮಂತ್ರ ಆನ್‌ಲೈನ್ ಮುಂತಾದ ಹೆಸರುಗಳು ಬಂದವು. 2000ದ ಅಕ್ಟೋಬರ್ 1ರಂದು ಬಿಎಸ್‌ಎನ್‌ಎಲ್ ಹುಟ್ಟಿತು. ಅದರ ಸಂಚಾರ್‌ನೆಟ್ ಡಯಲ್‌ಅಪ್ ಸೇವೆ ಜಿಲ್ಲಾ ಕೇಂದ್ರಗಳಿಗೆ, ತಾಲ್ಲೂಕುಗಳಿಗೆ ಅಂತರ್ಜಾಲವನ್ನು ತಂದಿತು. 2002ರಲ್ಲಿ ವಿಎಸ್‌ಎನ್‌ಎಲ್ ಟಾಟಾ ಸಮೂಹದ ಕೈಸೇರಿ, 2008ರಲ್ಲಿ ಟಾಟಾ ಕಮ್ಯುನಿಕೇಷನ್ಸ್ ಎಂದು ಹೆಸರನ್ನೂ ಬದಲಿಸಿಕೊಂಡಿತು. 2005ರಲ್ಲಿ ಬಿಎಸ್‌ಎನ್‌ಎಲ್ ಡೇಟಾಒನ್ ಹೆಸರಿನ ಬ್ರಾಡ್‌ಬ್ಯಾಂಡ್ ಶುರುಮಾಡಿದಾಗ ಹೊಸ ಬಾಲದ ವಿಳಾಸಗಳು ಬಂದವು. ಪ್ರತಿಯೊಂದು ಸಂಸ್ಥೆಯೂ ಸಂಪರ್ಕದ ಜೊತೆಗೆ ಇಮೇಲ್ ಖಾತೆಯನ್ನು ಕೊಸರಾಗಿ ಕೊಡುತ್ತಿತ್ತು. ಕೊಸರು ಎಂದು ಬಂದದ್ದು ಹಗ್ಗವೂ ಆಗಿತ್ತು: ಬೇರೆ ಸಂಸ್ಥೆಗೆ ಹೋಗುವವನು ತನ್ನ ವಿಳಾಸವನ್ನು ಬಿಟ್ಟು ಹೋಗಬೇಕು, ಹಾಗಾಗಿ ಹೋಗಲು ಹಿಂಜರಿಯುತ್ತಾನೆ. ಆ ಕಾಲದ ಸ್ಮರಣಸಂಚಿಕೆಗಳನ್ನು, ವೈದ್ಯರ ಚೀಟಿಗಳನ್ನು, ಪುಸ್ತಕಗಳ ಒಳಪುಟಗಳನ್ನು ತೆರೆದರೆ ಈ ಹಳೆಯ ಬಾಲಗಳು ಇನ್ನೂ ಕಾಣಸಿಗುತ್ತವೆ. ವಿದ್ಯಾಸಂಸ್ಥೆಗಳೂ ಇದಕ್ಕೆ ಹೊರತಲ್ಲ. 1986ರಲ್ಲಿ ಶುರುವಾದ ಅರ್ನೆಟ್ ಜಾಲದ ಮೂಲಕ ಇಮೇಲ್ ಕಂಡ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಳಾಸದಲ್ಲಿ ಬಹುಕಾಲ ಆ ಜಾಲದ ಹೆಸರೇ ಸೇರಿಕೊಂಡಿತ್ತು. ಅಲ್ಲಿಂದ ಹೊರಟ ಲೆಕ್ಕವಿಲ್ಲದಷ್ಟು ಸಂಶೋಧನ ಪ್ರಬಂಧಗಳ ಮೇಲೆ ಆ ವಿಳಾಸ ಅಚ್ಚಾಗಿದೆ. ಸಂಸ್ಥೆ 1909ರಿಂದ ಇದ್ದಲ್ಲೇ ಇದೆ. ವಿಳಾಸ ಮಾತ್ರ ಈಗ ಬೇರೆ.

ವಿಳಾಸದ ಜೊತೆಗೆ ಪತ್ರಗಳೂ ಹೋದವು ಎಂಬುದನ್ನು ಇಲ್ಲಿ ಹೇಳಲೇಬೇಕು. ಅಂದಿನ ಸರ್ವರ್‌ಗಳಲ್ಲಿ ಜಾಗ ಕೆಲವೇ ಮೆಗಾಬೈಟ್. ಪತ್ರವನ್ನು ಮನೆಯ ಗಣಕಕ್ಕೆ ಇಳಿಸಿಕೊಂಡು ಸರ್ವರ್‌ನಿಂದ ಅಳಿಸುವುದೇ ರೂಢಿ, ಗಣಕ ಕೆಟ್ಟರೆ ಪತ್ರವೂ ಹೋಯಿತು. ಕನ್ನಡದಲ್ಲಿ ಬರೆಯುವ ಹಟವಿದ್ದವರಿಗೆ ಇನ್ನೊಂದು ಗಂಡಾಂತರವಿತ್ತು. ಒಂದೊಂದು ಫಾಂಟು ಒಂದೊಂದು ಸಂಕೇತವನ್ನು ಬಳಸುತ್ತಿದ್ದುದರಿಂದ, ಕಳಿಸಿದವರ ಫಾಂಟು ಪಡೆದವರಲ್ಲಿ ಇಲ್ಲದಿದ್ದರೆ ಪತ್ರ ಬರೀ ಗೀಚುಗಳ ಗುಂಪಾಗಿ ಕಾಣುತ್ತಿತ್ತು. ಹೆಚ್ಚಿನವರು ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಬರೆದು ಸುಮ್ಮನಾದರು. ಈ ಎರಡನೆಯ ತೊಡಕು ಬಗೆಹರಿದ ರೀತಿ ನಮ್ಮ ವಾದಕ್ಕೆ ಒಳ್ಳೆಯ ಸಾಕ್ಷಿ. ಅಕ್ಷರದ ಸಂಕೇತ ಫಾಂಟು ಮಾಡುವವನ ಸ್ವತ್ತಾಗಬಾರದು, ಎಲ್ಲರಿಗೂ ಒಂದೇ ಆಗಿರಬೇಕು ಎಂಬ ತತ್ವವನ್ನು ಯೂನಿಕೋಡ್ ಜಾರಿಗೆ ತಂದಿತು. ಬರಹ, ನುಡಿ ಮುಂತಾದ ತಂತ್ರಾಂಶಗಳೂ ಕ್ರಮೇಣ ಅದಕ್ಕೆ ಒಗ್ಗಿಕೊಂಡವು. ಇಂದು ಯಾವ ಫೋನಿನಲ್ಲಿ ಬರೆದ ಕನ್ನಡವೂ ಯಾವ ಫೋನಿನಲ್ಲಾದರೂ ಓದಲು ಸಿಗುತ್ತದೆ. ಅಕ್ಷರವನ್ನು ವ್ಯಾಪಾರಿಯ ಕೈಯಿಂದ ಬಿಡಿಸಿದೆವು, ವಿಳಾಸವನ್ನು ಬಿಡಿಸಲಿಲ್ಲ.

ಇದಕ್ಕೆ ಬರುವ ಮೊದಲ ಆಕ್ಷೇಪ: ಉಚಿತ ಇಮೇಲ್ ಬಂದು ಈ ಸಮಸ್ಯೆ ಎಂದೋ ಮುಗಿಯಿತಲ್ಲ? ಇದರಲ್ಲಿ ಅರ್ಧ ಸತ್ಯವಿದೆ. ಬೆಂಗಳೂರಿನಲ್ಲಿ ಬೆಳೆದ ಸಬೀರ್ ಭಾಟಿಯಾ, ಜ್ಯಾಕ್ ಸ್ಮಿತ್ ಜೊತೆ ಸೇರಿ 1996ರ ಜುಲೈ 4ರಂದು ಹಾಟ್‌ಮೇಲ್ ತೆರೆದಾಗ ಮಾಡಿದ್ದು ಇದನ್ನೇ: ಸಂಪರ್ಕ ಯಾರದಾದರೂ ಇರಲಿ, ಪತ್ರವನ್ನು ಬ್ರೌಸರಿನಲ್ಲಿ ಓದಿ ಎಂದರು. ಸೈಬರ್ ಸೆಂಟರಿನಲ್ಲಿ ಗಂಟೆಗಿಷ್ಟು ಎಂದು ಕೊಟ್ಟು ಕೂತ ಹಳ್ಳಿಯ ಹುಡುಗರಿಗೆ ಸ್ವಂತ ಸಂಪರ್ಕವೇ ಇಲ್ಲದ್ದರಿಂದ ಅವರ ಮೊದಲ ವಿಳಾಸವೇ ಹಾಟ್‌ಮೇಲ್, ಯಾಹೂ ಅಥವಾ ರೀಡಿಫ್. ವಿಚಿತ್ರವೆಂದರೆ, ದುಡ್ಡು ಕೊಟ್ಟು ಸಂಪರ್ಕ ಪಡೆದವರ ವಿಳಾಸ ಸಂಪರ್ಕದ ಜೊತೆ ಹೋಯಿತು. ಬಿಟ್ಟಿ ಖಾತೆ ತೆರೆದವರಲ್ಲಿ ಹಲವರ ವಿಳಾಸ ಉಳಿಯಿತು. ಆದರೆ ಬಿಟ್ಟಿ ವಿಳಾಸವೂ ಬಾಡಿಗೆ ಮನೆಯೇ, ಬಾಡಿಗೆಯನ್ನು ಬೇರೆ ರೂಪದಲ್ಲಿ ಕೊಡುತ್ತೇವೆ ಅಷ್ಟೆ. ವರ್ಷಕ್ಕೂ ಹೆಚ್ಚು ಕಾಲ ಬಳಸದ ವಿಳಾಸಗಳನ್ನು ಬೇರೆಯವರಿಗೆ ಕೊಡುವುದಾಗಿ ಯಾಹೂ 2013ರಲ್ಲಿ ಸಾರಿತು. ಎರಡು ವರ್ಷ ಮುಟ್ಟದ ವೈಯಕ್ತಿಕ ಖಾತೆಗಳನ್ನು ಗೂಗಲ್ 2023ರ ಡಿಸೆಂಬರಿನಿಂದ ಅಳಿಸತೊಡಗಿತು. ಯಜಮಾನ ಬದಲಾದದ್ದು ನಿಜ, ಒಕ್ಕಲುತನ ತಪ್ಪಲಿಲ್ಲ.

ಎರಡನೆಯ ಆಕ್ಷೇಪ ಹೆಚ್ಚು ತೂಕದ್ದು. ಅಟ್ ಚಿಹ್ನೆಯ ಬಲಗಡೆಯ ಹೆಸರು ಸಂಸ್ಥೆಯ ಸ್ವತ್ತು, ಅದನ್ನು ಗ್ರಾಹಕ ಹೊತ್ತುಕೊಂಡು ಹೋಗಲು ಹೇಗೆ ಸಾಧ್ಯ? ಸಾಧ್ಯವಿಲ್ಲ, ಒಪ್ಪೋಣ. ಅದಕ್ಕಾಗಿಯೇ ಕೇಳಬೇಕಾದದ್ದು ಒಯ್ಯುವ ಹಕ್ಕನ್ನಲ್ಲ, ತಿರುಗಿಸುವ ಸೌಲಭ್ಯವನ್ನು. ಇದು ಆಗದ ಮಾತೇನಲ್ಲ. ಫ್ರಾನ್ಸಿನ ಕಾನೂನು, ಗ್ರಾಹಕ ಸಂಪರ್ಕ ಬಿಟ್ಟ ಮೇಲೂ ಆರು ತಿಂಗಳು ಅವನ ಅಂಚೆಪೆಟ್ಟಿಗೆಯನ್ನು ಉಚಿತವಾಗಿ ತೆರೆದಿಡಬೇಕೆಂದು ಸೇವಾ ಸಂಸ್ಥೆಗೆ ವಿಧಿಸುತ್ತದೆ. ಐರೋಪ್ಯ ಒಕ್ಕೂಟದ 2018ರ ವಿದ್ಯುನ್ಮಾನ ಸಂವಹನ ಸಂಹಿತೆ, ಒಪ್ಪಂದ ಮುಗಿದ ನಂತರ ಪತ್ರಗಳನ್ನು ತಿರುಗಿಸುವ ಅಥವಾ ನೋಡಲು ಬಿಡುವ ಸೌಲಭ್ಯವನ್ನು ಹೆಸರಿಸಿಯೇ ಹೇಳುತ್ತದೆ. ಕಾನೂನಿಲ್ಲದೆಯೂ ಇದನ್ನು ಮಾಡಿದ ವ್ಯಾಪಾರಿಗಳಿದ್ದಾರೆ. ಅಮೆರಿಕದ ವೆರೈಝನ್ 2017ರಲ್ಲಿ ಇಮೇಲ್ ವ್ಯವಹಾರದಿಂದ ಹೊರಬಂದಾಗ, ಬಯಸಿದ ಗ್ರಾಹಕರು ಹಳೆಯ ವಿಳಾಸವನ್ನೇ ಎಒಎಲ್ ಮೂಲಕ ಉಳಿಸಿಕೊಳ್ಳಲು ದಾರಿ ಮಾಡಿತು. ಮೈಕ್ರೋಸಾಫ್ಟ್ ಹಾಟ್‌ಮೇಲ್ ಹೆಸರನ್ನು ಕೈಬಿಟ್ಟು ಔಟ್‌ಲುಕ್ ಎಂಬ ಹೊಸ ಹಲಗೆ ತೂಗುಹಾಕಿ ಹತ್ತು ವರ್ಷ ಮೀರಿದರೂ ಹಾಟ್‌ಮೇಲ್ ವಿಳಾಸಗಳು ನಡೆಯುತ್ತಿವೆ. ಅಂಗಡಿಯ ಹಲಗೆ ಬದಲಾದರೂ ಗಿರಾಕಿಯ ಲೆಕ್ಕ ಉಳಿಸಬಹುದು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ. ಇನ್ನು ಸ್ವತ್ತಿನ ಮಾತಿಗೆ ಬಂದರೆ, ಡಾಟ್ ಇನ್ ಎಂಬ ಬಾಲ ಯಾವ ಖಾಸಗಿ ಸಂಸ್ಥೆಯದೂ ಅಲ್ಲ. ಅದು ದೇಶದ ಹೆಸರಿನಲ್ಲಿರುವ ಸಂಪನ್ಮೂಲ, ನೋಡಿಕೊಳ್ಳುವುದು ನಿಕ್ಸಿ ಎಂಬ ಸಂಸ್ಥೆ. ದೇಶದ ಹೆಸರನ್ನು ಬಳಸಿಕೊಂಡವರ ಮೇಲೆ ದೇಶವು ಒಂದು ಸಣ್ಣ ಕರಾರು ಹಾಕಿದರೆ ಅದು ಅತಿಯಾಗಲಾರದು.

ಮೂರನೆಯವರು ಹೇಳುವುದು: ಈಗ ಎಲ್ಲವೂ ವಾಟ್ಸ್‌ಆ್ಯಪ್, ಇಮೇಲ್ ಯಾರಿಗೆ ಬೇಕು? ತಾಳಗುಂದದ ರೈತನಿಗೆ ಮೊಬೈಲ್ ಸಂಖ್ಯೆಯೇ ವಿಳಾಸ ಎಂಬುದು ನಿಜ. ಬ್ಯಾಂಕಿನ ಒಟಿಪಿ, ಆಧಾರ್, ಸಬ್ಸಿಡಿಯ ಸಂದೇಶ ಎಲ್ಲ ಅದಕ್ಕೇ ಬರುತ್ತವೆ. ಆದರೆ ಈ ಆಕ್ಷೇಪ ವಾದವನ್ನು ಮುರಿಯುವ ಬದಲು ಗಟ್ಟಿ ಮಾಡುತ್ತದೆ. ಮೊಬೈಲ್ ಸಂಖ್ಯೆಯೂ ಒಂದು ಕಾಲಕ್ಕೆ ಕಂಪನಿಗೆ ಕಟ್ಟಿಹಾಕಿದ್ದೇ ಆಗಿತ್ತು. 2010ರ ನವೆಂಬರಿನಲ್ಲಿ ಹರಿಯಾಣದಲ್ಲಿ, 2011ರ ಜನವರಿ 20ರಂದು ದೇಶದಾದ್ಯಂತ ಸಂಖ್ಯೆಯನ್ನು ಉಳಿಸಿಕೊಂಡೇ ಕಂಪನಿ ಬದಲಿಸುವ ಹಕ್ಕು ಬಂತು. ವಿಳಾಸ ಬಳಸುವವನದು, ಸಾಗಿಸುವವನದಲ್ಲ ಎಂಬ ತತ್ವವನ್ನು ಈ ದೇಶ ಅಂದೇ ಒಪ್ಪಿದೆ. ಅದನ್ನು ಇಮೇಲಿಗೆ ವಿಸ್ತರಿಸುವುದಷ್ಟೇ ಬಾಕಿ. ಇಮೇಲಿನ ಮಹತ್ವ ಕುಗ್ಗಿದೆ ಎಂಬುದೂ ಪೂರ್ತಿ ಸರಿಯಲ್ಲ. ಹರಟೆ ಅದರಿಂದ ಹೊರಟುಹೋಗಿರಬಹುದು, ಆದಾಯ ತೆರಿಗೆಯ ನೋಟಿಸು, ಉದ್ಯೋಗದ ಕರೆ, ವಿಶ್ವವಿದ್ಯಾಲಯದ ಅರ್ಜಿ, ಮರೆತ ಪಾಸ್‌ವರ್ಡಿನ ಕೊಂಡಿ ಇಂದಿಗೂ ಬರುವುದು ಅಲ್ಲಿಗೆ. ಬೇರೆ ಎಲ್ಲ ಬೀಗಗಳ ಕೀಲಿ ಅದರೊಳಗಿದೆ. ಬಿಟ್ಟ ವಿಳಾಸ ಇನ್ನೊಬ್ಬರ ಕೈಗೆ ಹೋದರೆ ಆ ಕೀಲಿಗೊಂಚಲೂ ಅದರ ಜೊತೆಗೇ ಹೋಗುತ್ತದೆ.

ಖರ್ಚಿನ ಮಾತು, ಖಾಸಗಿತನದ ಮಾತು ಎರಡೂ ಬರುತ್ತವೆ. ಪತ್ರವನ್ನು ಇಟ್ಟುಕೊಳ್ಳದೆ ಮುಂದಕ್ಕೆ ತಿರುಗಿಸುವುದಕ್ಕೆ ದೊಡ್ಡ ಉಗ್ರಾಣ ಬೇಕಿಲ್ಲ. ಕೇಳಿದವರಿಗೆ ಮಾತ್ರ, ಒಂದು ವರ್ಷಕ್ಕೆ ಮಾತ್ರ ಎಂದು ಮಿತಿ ಹಾಕಿದರೆ ಹೊರೆ ಇನ್ನೂ ಹಗುರ. ಕಸದ ಪತ್ರಗಳನ್ನು ಸೋಸುವ ಜರಡಿ ಹೇಗೂ ಪ್ರತಿ ಸಂಸ್ಥೆಯಲ್ಲೂ ಇದೆ. ಹಳೆಯ ವಿಳಾಸ ಸಾಯಲಿ ಎಂದೇ ಬಯಸುವವರೂ ಇದ್ದಾರೆ, ಅವರ ಬಯಕೆ ಗೌರವಕ್ಕೆ ಅರ್ಹ. ಆದರೆ ಸಾಯಿಸುವ ನಿರ್ಧಾರ ವಿಳಾಸದ ಒಡೆಯನದಾಗಬೇಕು, ಬಿಲ್ ವಿಭಾಗದ್ದಲ್ಲ. ನಮ್ಮ ಕಾನೂನು ಈ ದಿಕ್ಕಿನಲ್ಲಿ ಹೆಜ್ಜೆ ಇಟ್ಟು ಹಿಂದೆ ಸರಿದಿದೆ. ವೈಯಕ್ತಿಕ ದತ್ತಾಂಶ ರಕ್ಷಣೆಯ 2019ರ ಮಸೂದೆಯಲ್ಲಿ ತನ್ನ ದತ್ತಾಂಶವನ್ನು ಬೇರೆ ಸಂಸ್ಥೆಗೆ ಒಯ್ಯುವ ಹಕ್ಕಿತ್ತು. 2023ರಲ್ಲಿ ಬಂದ ಕಾಯ್ದೆಯಲ್ಲಿ ಅದು ಬಿಟ್ಟುಹೋಗಿತ್ತು. ತಿದ್ದುವ, ಅಳಿಸುವ ಹಕ್ಕುಗಳಿವೆ, ಸತ್ತ ಮೇಲೆ ನೋಡಿಕೊಳ್ಳಲು ನಾಮನಿರ್ದೇಶನದ ಹಕ್ಕೂ ಇದೆ. ಬದುಕಿರುವಾಗ ಮನೆ ಬದಲಿಸಿದರೆ ಪತ್ರ ಹಿಂದೆ ಬರುವ ಹಕ್ಕಿಲ್ಲ.

ಆದ್ದರಿಂದ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಮತ್ತು ಕೇಂದ್ರ ಸರ್ಕಾರ ಸೇವಾ ಸಂಸ್ಥೆಗಳ ಪರವಾನಗಿಯಲ್ಲೇ ನಾಲ್ಕು ಕರಾರು ಸೇರಿಸಬೇಕು. ಖಾತೆ ಮುಚ್ಚುವ ಮೊದಲು ಗ್ರಾಹಕನ ಭಾಷೆಯಲ್ಲಿ, ನಮ್ಮಲ್ಲಿ ಕನ್ನಡದಲ್ಲಿ, ಸಾಕಷ್ಟು ಮುಂಚೆ ತಿಳಿಸಬೇಕು. ಕೇಳಿದವರ ಪತ್ರಗಳನ್ನು ಕನಿಷ್ಠ ಒಂದು ವರ್ಷ ಹೊಸ ವಿಳಾಸಕ್ಕೆ ತಿರುಗಿಸಬೇಕು. ಬಿಟ್ಟ ವಿಳಾಸವನ್ನು ಇನ್ನೊಬ್ಬರಿಗೆ ಕೊಡಬಾರದು. ಸಂಸ್ಥೆ ಮಾರಾಟವಾದರೆ ಕೊಂಡವರೂ ಈ ಮಾತಿಗೆ ಬದ್ಧರಾಗಿರಬೇಕು. ಇದರ ಜೊತೆಗೆ ನಮ್ಮ ಮನೆಯಂಗಳವನ್ನೂ ಗುಡಿಸಿಕೊಳ್ಳಬೇಕಿದೆ. ಎಷ್ಟೋ ಶಾಲೆ, ಸಹಕಾರ ಸಂಘ, ಪಂಚಾಯಿತಿಗಳ ಫಲಕದ ಮೇಲೆ ಇಂದಿಗೂ ಉಚಿತ ಖಾತೆಯ ವಿಳಾಸವಿದೆ. ಪಾಸ್‌ವರ್ಡ್ ಗೊತ್ತಿದ್ದ ಗುಮಾಸ್ತರು ವರ್ಗವಾದರೆ ವಿಳಾಸವೂ ಅವರ ಜೊತೆ ಬಸ್ಸು ಹತ್ತುತ್ತದೆ. ಕುರ್ಚಿಯ ಹೆಸರಿನಲ್ಲಿ ವಿಳಾಸವಿರಬೇಕು, ಅದು ರಾಜ್ಯದ ಸ್ವಂತ ಹೆಸರಿನಡಿ ಇರಬೇಕು, ಕುರ್ಚಿಗೆ ಬಂದವರಿಗೆಲ್ಲ ಹಳೆಯ ಪತ್ರ ಕಾಣಬೇಕು.

ನಾಲ್ಕನೆಯ ಕರಾರೇ ಇವೆಲ್ಲವುಗಳ ಬೆನ್ನೆಲುಬು, ಹೊಸದಂತೂ ಅಲ್ಲ. ಶಾಸನ ಕೊರೆಸಿದವರು ತಮ್ಮ ವಂಶ ಶಾಶ್ವತವೆಂದು ನಂಬಿ ಕೂರಲಿಲ್ಲ. ಶಾಶ್ವತವಲ್ಲ ಎಂದು ಗೊತ್ತಿದ್ದುದರಿಂದಲೇ ಮುಂದೆ ಬರುವವರ ಹೆಗಲಿಗೆ ಹೊಣೆ ಹೊರಿಸಿದರು. ಅವರ ಕೈಯಲ್ಲಿದ್ದದ್ದು ಶಾಪ ಮಾತ್ರ. ನಮ್ಮ ಕೈಯಲ್ಲಿ ಪರವಾನಗಿ ಇದೆ, ದಂಡವಿದೆ, ಸಂಖ್ಯೆಯನ್ನು ಉಳಿಸಿಕೊಟ್ಟ 2011ರ ಅನುಭವವಿದೆ. ಇಷ್ಟಿದ್ದೂ ಮಾಡದಿದ್ದರೆ, ತಂತ್ರಜ್ಞಾನ ಒಪ್ಪಲಿಲ್ಲ ಎಂಬ ನೆಪ ಹೇಳುವಂತಿಲ್ಲ.